ಹಳೆ ಟೈಪ್‌ರೈಟರ್‌ಗೆ ಎಣ್ಣೆ ಬಿಡುವ ಮುನ್ನ

ಅಟ್ಟದಿಂದ ಇಳಿಸಿದ ಟೈಪ್‌ರೈಟರ್‌ನ ಕೀಲಿಗಳು ಅಂಟಿಕೊಂಡಿದ್ದರೆ ಹೆಚ್ಚಿನವರು ಮೊದಲು ಮಾಡುವ ಕೆಲಸ ಕೊಬ್ಬರಿ ಎಣ್ಣೆ ಬಿಡುವುದು. ದಯವಿಟ್ಟು ಬೇಡ. ತುದಿಯಲ್ಲಿ ಅಕ್ಷರ ಹೊತ್ತ ಅಚ್ಚಿನ ಕಡ್ಡಿಗಳೆಲ್ಲ ಬುಡದಲ್ಲಿ ಸೇರುವ ಅರ್ಧಚಂದ್ರಾಕಾರದ ಲೋಹದ ಭಾಗಕ್ಕೆ ಸೆಗ್ಮೆಂಟ್ ಎನ್ನುತ್ತಾರೆ. ಅದರ ಸೀಳುಗಳು ಬಹಳ ಕಿರಿದು. ಎಣ್ಣೆಗೆ ಧೂಳು ಸೇರಿದರೆ ಅಲ್ಲೇ ಗೋಂದಾಗಿ, ಮೇಲೆದ್ದ ಕಡ್ಡಿ ವಾಪಸ್ ಬೀಳುವುದಿಲ್ಲ. ಕೆಟ್ಟುಹೋಗಿದೆ ಎಂದು ಗುಜರಿಗೆ ಹಾಕುವ ಎಷ್ಟೋ ಯಂತ್ರಗಳಿಗೆ ಇರುವ ರೋಗ ಇಷ್ಟೇ.

ಯಂತ್ರದ ಕೆಳಗೆ ಹಳೆ ಪೇಪರ್ ಹಾಸಿ, ಒಣ ಬ್ರಷ್‌ನಿಂದ ಧೂಳು ತೆಗೆಯಿರಿ. ಹಳೆ ಟೂತ್‌ಬ್ರಷ್ಷನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ, ಸೀಳುಗಳ ಉದ್ದಕ್ಕೂ ಉಜ್ಜಿ. ಅಡ್ಡಡ್ಡ ಉಜ್ಜಿದರೆ ಕೊಳೆ ಒಳಗೇ ಉಳಿಯುತ್ತದೆ. ಉಜ್ಜುತ್ತಲೇ ಆ ಕೀಲಿಯನ್ನು ಹತ್ತಿಪ್ಪತ್ತು ಸಲ ಒತ್ತಿ. ಒಣಗಿದ ಮೇಲೆ ಮತ್ತೆ ಅಂಟಿದರೆ ಇನ್ನೆರಡು ಸುತ್ತು ಮಾಡಿ. ಒಂದೇ ಸಲಕ್ಕೆ ಬಿಡುವುದು ಅಪರೂಪ. ದ್ರವ ಹೊರಗಿನ ಬಣ್ಣಕ್ಕೆ ತಾಗಬಾರದು, ಬಣ್ಣ ಎದ್ದುಬರಬಹುದು. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಎಣ್ಣೆ ಬೇಕಿರುವುದು ಕ್ಯಾರೇಜ್ (ಕಾಗದ ಹಿಡಿದು ಅತ್ತಿತ್ತ ಸರಿಯುವ ಭಾಗ) ಓಡುವ ಹಳಿಗೆ ಮಾತ್ರ: ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ, ಅದನ್ನೂ ಬಟ್ಟೆಗೆ ಹಾಕಿ ಸವರಬೇಕು.

ಠ, ಂ ಮುಂತಾದ ದುಂಡನೆಯ ಅಕ್ಷರಗಳು ಮಸಿಗುಂಡಿನಂತೆ ಮೂಡುತ್ತಿದ್ದರೆ ಅಚ್ಚಿನ ಹೊಟ್ಟೆಯಲ್ಲಿ ಒಣಗಿದ ಮಸಿ ತುಂಬಿದೆ ಎಂದರ್ಥ. ಮರದ ಹಲ್ಲುಕಡ್ಡಿಯಿಂದ ಕೆದಕಿ ತೆಗೆಯಿರಿ.

ಮಸಿಯ ರಿಬ್ಬನ್ ಸಾಮಾನ್ಯವಾಗಿ ಅರ್ಧ ಇಂಚು ಅಗಲದ್ದು. ಅದನ್ನು ಸುತ್ತಿಡುವ ಹಳೆ ಲೋಹದ ಸ್ಪೂಲ್ ಎಸೆಯಬೇಡಿ. ಹೊಸ ಪ್ಲಾಸ್ಟಿಕ್ ಸ್ಪೂಲ್ ನಿಮ್ಮ ಯಂತ್ರಕ್ಕೆ ಕೂರದಿದ್ದರೆ ರಿಬ್ಬನ್ನನ್ನು ಹಳೆಯದಕ್ಕೇ ಸುತ್ತಿಕೊಳ್ಳಬಹುದು. ಎರಡು ಬಣ್ಣದ್ದಾದರೆ ಕೆಂಪು ಕೆಳಗಿರಲಿ. ಹೊಸ ರಿಬ್ಬನ್ ಹಾಕಿದರೂ ಏನೂ ಮೂಡದಿದ್ದರೆ ರಿಬ್ಬನ್ನಿನ ಬಣ್ಣ ಬದಲಿಸುವ ಸನ್ನೆ (ಲಿವರ್) ನೋಡಿ: ಬಿಳಿ ಚುಕ್ಕೆಯಲ್ಲಿದ್ದರೆ ಅದು ಸ್ಟೆನ್ಸಿಲ್ (ಪ್ರತಿ ತೆಗೆಯಲು ಬಳಸುವ ಮೇಣದ ಹಾಳೆ) ಕೊರೆಯುವ ಸ್ಥಾನ, ರಿಬ್ಬನ್ ಮೇಲೇಳುವುದೇ ಇಲ್ಲ.

ಕನ್ನಡದ ಯಂತ್ರದಲ್ಲಿ ಕೆಲವು ಒತ್ತಕ್ಷರದ ಕೀಲಿ ಒತ್ತಿದರೆ ಕ್ಯಾರೇಜ್ ಕದಲುವುದಿಲ್ಲ. ಅದು ದೋಷವಲ್ಲ, ಮೂಲಾಕ್ಷರ, ಒತ್ತು ಎರಡೂ ಒಂದೇ ಜಾಗದಲ್ಲಿ ಕೂರಲೆಂದೇ ಹಾಗೆ ಮಾಡಿದ್ದಾರೆ. ಆದರೆ ಯಾವ ಕೀಲಿಗೂ ಕ್ಯಾರೇಜ್ ಎಡಕ್ಕೆ ಸರಿಯದೆ, ಕೈಯಿಂದ ತಳ್ಳಿದರೆ ಮಾತ್ರ ಸಲೀಸಾಗಿ ಓಡಿದರೆ, ಅದನ್ನು ಎಳೆಯುವ ಪಟ್ಟಿ ಕಡಿದಿದೆ ಅಥವಾ ಕಳಚಿದೆ. ಕಡಿದ ಪಟ್ಟಿಯ ಬದಲು ಗಟ್ಟಿ ಮೀನುಗಾಳದ ದಾರ ಸಾಕಾಗುತ್ತದೆ. ದಾರವನ್ನು ಸ್ಪ್ರಿಂಗ್ ಡ್ರಮ್‌ಗೆ (ಒಳಗೆ ಸ್ಪ್ರಿಂಗ್ ಇರುವ, ಪಟ್ಟಿಯನ್ನು ಎಳೆಯುವ ದುಂಡನೆಯ ಡಬ್ಬಿ) ಕಟ್ಟಿ, ಡ್ರಮ್ಮನ್ನು ಕೆಲವು ಸುತ್ತು ತಿರುಗಿಸಿ ಬಿಗಿ ಮಾಡಿಕೊಂಡು, ಇನ್ನೊಂದು ತುದಿಯನ್ನು ಕ್ಯಾರೇಜ್‌ನ ಬಲತುದಿಯ ಕೊಕ್ಕೆಗೆ ಸಿಕ್ಕಿಸಿ. ಅಲ್ಲಿಯವರೆಗೂ ಡ್ರಮ್ಮಿನ ಮೇಲಿನ ಹಿಡಿತ ಬಿಡಬೇಡಿ. ಬಿಟ್ಟರೆ ಸ್ಪ್ರಿಂಗ್ ಒಮ್ಮೆಲೇ ಬಿಚ್ಚಿಕೊಂಡು ಮುರಿಯಬಹುದು.