ಇಳಿಯುವುದನ್ನು ಕಲಿಯಲು ಆರು ತಿಂಗಳು

ಜೂನ್ ಕೊನೆಯ ವಾರ ಹಿಮಾಚಲದ ಹಂಪ್ತಾ ಪಾಸ್ ಎಂಬ ಪರ್ವತದ ಕಣಿವೆದಾರಿ ದಾಟಿ, ಆಚೆ ಬದಿಯ ಛತ್ರುವಿನಲ್ಲಿ ಬ್ಯಾಗ್ ಇಳಿಸಿದವನು ಮೊದಲು ಎರಡೂ ಮಂಡಿಗಳನ್ನು ಒತ್ತಿ ನೋಡಿಕೊಂಡೆ. ನೋವಿರಲಿಲ್ಲ. ಆಮೇಲೆ ಬ್ಯಾಗಿನ ಸಮೇತ ಒಂದು ಫೋಟೊ ತೆಗೆಸಿಕೊಂಡೆ. ಅದು ನನ್ನ ಭಾವಮೈದುನನಿಗಾಗಿ. "ಭಾವ, ಚಾಮುಂಡಿ ಬೆಟ್ಟದ ಮೆಟ್ಟಿಲಿಗೂ ಹಿಮಾಲಯಕ್ಕೂ ಏನು ಸಂಬಂಧ? ಸುಮ್ಮನೆ ಜಿಮ್ ಸೇರಿಕೊಳ್ಳಿ" ಎಂದು ಆರು ತಿಂಗಳು ತಲೆ ತಿಂದವನು ಅವನು.

ನನಗೆ ಐವತ್ತೆರಡು. ಬ್ಯಾಂಕಿನ ಕೌಂಟರಿನಲ್ಲಿ ಇಪ್ಪತ್ತೇಳು ವರ್ಷ ಕುಳಿತ ಸೊಂಟ. ಚಾರಣದ ಸಂಸ್ಥೆಯವರು 5 ಕಿಲೋಮೀಟರನ್ನು 35 ನಿಮಿಷದಲ್ಲಿ ಓಡಿದ ದಾಖಲೆ ಕೇಳಿದರು. ನನಗೆ 44 ನಿಮಿಷ ಬೇಕಾಯಿತು. ಎಲ್ಲರೂ ಓಡಿ ಎಂದರು, ನಾನೂ ಓಡಿದೆ. ಎರಡು ತಿಂಗಳಲ್ಲಿ 38ಕ್ಕೆ ಬಂತು. ಇನ್ನೇನು ಗೆದ್ದೆ ಎಂದುಕೊಂಡು ಜನವರಿಯಲ್ಲಿ ಪರೀಕ್ಷೆಗೆಂದು ಕುಮಾರ ಪರ್ವತಕ್ಕೆ ಹೋದೆ. ಬೆನ್ನಿಗೆ ಎಂಟು ಕೆಜಿ.

ಹತ್ತುವಾಗ ತೊಂದರೆಯೇ ಆಗಲಿಲ್ಲ. ಭಟ್ಟರ ಮನೆಯಲ್ಲಿ ಊಟ ಮಾಡಿ, ಶೇಷಪರ್ವತ ದಾಟಿ, ತುದಿಯಲ್ಲಿ ನಿಂತಾಗ ಹಾಡಿಕೊಳ್ಳುವಷ್ಟು ಉಸಿರಿತ್ತು. ಇಳಿಯುವಾಗ ಮರ್ಯಾದೆ ಹೋಯಿತು. ಗಿರಿಗದ್ದೆ ತಲುಪುವಷ್ಟರಲ್ಲಿ ತೊಡೆಗಳು ಗಡಗಡ ನಡುಗುತ್ತಿದ್ದವು. ಅಲ್ಲಿಂದ ಕುಕ್ಕೆಯವರೆಗಿನ ಕಾಡಿನಲ್ಲಿ ಬೇರು ಹಿಡಿದುಕೊಂಡು, ಕೆಲವು ಕಡೆ ಕುಳಿತುಕೊಂಡೇ ಇಳಿದೆ. ಎರಡೂ ಹೆಬ್ಬೆರಳಿನ ಉಗುರು ಕಪ್ಪಾಯಿತು. ಸೋಮವಾರ ಬ್ಯಾಂಕಿನ ಮೆಟ್ಟಿಲನ್ನು ಏಡಿಯಂತೆ ಅಡ್ಡಡ್ಡ ಇಳಿದದ್ದನ್ನು ಜವಾನನಿಂದ ಮ್ಯಾನೇಜರ್‌ವರೆಗೆ ಎಲ್ಲರೂ ನೋಡಿದರು.

ಅಂದೇ ಓಟ ಬಿಟ್ಟೆ. ವಾರಕ್ಕೆ ಮೂರು ದಿನ, ಬೆಳಗಿನ ಐದೂಕಾಲಿಗೆ, ಪಾದದಿಂದ ಚಾಮುಂಡಿ ಬೆಟ್ಟ. ಮೊದಲ ವಾರ ಬ್ಯಾಗಿನಲ್ಲಿ ಇಟ್ಟಿಗೆ ತುಂಬಿದೆ. ಮೂಲೆಗಳು ಬೆನ್ನಿಗೆ ಒತ್ತಿ ಬಾಸುಂಡೆ ಬಂದವು. ಆಮೇಲೆ ಅಕ್ಕಿ. ಒಂದು ಮಂಜಿನ ಬೆಳಿಗ್ಗೆ ಬ್ಯಾಗ್ ಒದ್ದೆಯಾಗಿ ಐದು ಕೆಜಿ ಸೋನಾ ಮಸೂರಿ ಮುಗ್ಗಲು ಹಿಡಿಯಿತು. ಅದರ ಬಗ್ಗೆ ಮನೆಯಲ್ಲಿ ಈಗಲೂ ಮಾತು ಬರುತ್ತದೆ. ಕೊನೆಗೆ ಎರಡು ಲೀಟರಿನ ತಂಪು ಪಾನೀಯದ ಖಾಲಿ ಬಾಟಲಿಗಳಿಗೆ ನೀರು. ಒಂದಕ್ಕೆ ಎರಡು ಕೆಜಿ, ತಕ್ಕಡಿ ಬೇಕಿಲ್ಲ.

ನೀರು ಹೊತ್ತು ಹತ್ತಿ, ಮೇಲೆ ಚೆಲ್ಲಿ, ಖಾಲಿ ಬ್ಯಾಗಿನಲ್ಲಿ ಇಳಿಯುವುದು ಎಲ್ಲರೂ ಮಾಡುವ ಪದ್ಧತಿ. ಮಂಡಿ ಉಳಿಯುತ್ತದೆ, ನಿಜ. ಆದರೆ ನನ್ನ ರೋಗ ಇದ್ದದ್ದು ಇಳಿಯುವುದರಲ್ಲಿ. ಹಾಗಾಗಿ ಒಂದು ದಿನ ಹತ್ತೂ ಕೆಜಿಯನ್ನು ಹೊತ್ತೇ ಇಳಿದೆ. ಎಡಮಂಡಿ ಬೋಂಡದಂತೆ ಊದಿಕೊಂಡಿತು. ವೈದ್ಯರ ಫೀಸು, ಎಕ್ಸ್‌ರೇ ಸೇರಿ ಸುಮಾರು 1,400 ರೂಪಾಯಿ, ಹದಿನೇಳು ದಿನ ವಿಶ್ರಾಂತಿ. ಭಾವಮೈದುನ ಕಿತ್ತಳೆ ಹಣ್ಣು ಹಿಡಿದು ನೋಡಲು ಬಂದ. ಬಾಯಿ ಬಿಡಲಿಲ್ಲ, ಆದರೆ ಮುಖವೇ ಎಲ್ಲ ಹೇಳುತ್ತಿತ್ತು.

ಮಲಗಿದ್ದಾಗ ಹೊಳೆದದ್ದು ಇಷ್ಟೇ. ಹತ್ತುವ ಭಾರ ಬೇರೆ, ಇಳಿಯುವ ಭಾರ ಬೇರೆ ಇರಬೇಕು. ಹತ್ತು ಕೆಜಿ ಹೊತ್ತು ಹತ್ತಿ, ಎಂಟನ್ನು ಮೇಲಿನ ಗಿಡಗಳಿಗೆ ಸುರಿದು, ಎರಡನ್ನು ಮಾತ್ರ ಹೊತ್ತು ಇಳಿದೆ. ಹತ್ತು ದಿನಕ್ಕೊಮ್ಮೆ ಇಳಿಯುವ ಭಾರಕ್ಕೆ ಒಂದೊಂದೇ ಕೆಜಿ ಸೇರಿಸಿದೆ. ಚಿಕ್ಕ ಹೆಜ್ಜೆ, ಪೂರ್ತಿ ಪಾದ, ನಂದಿಯ ಹತ್ತಿರ ಐದು ನಿಮಿಷ ಕಡ್ಡಾಯ ವಿರಾಮ. ಮೇ ಮುಗಿಯುವಾಗ ಹತ್ತಲು ಹನ್ನೆರಡು, ಇಳಿಯಲು ಎಂಟೋ ಒಂಬತ್ತೋ ಆಗಿತ್ತು. ಇಳಿಯುವ ಮೊದಲು ಬ್ಯಾಗಿನೊಳಗೆ ಬಾಟಲಿಗಳ ಜಾಗ ಬದಲಿಸುತ್ತೇನೆ. ಎಲ್ಲಿಂದ ಎಲ್ಲಿಗೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾನು ಒಂದು ಮಂಡಿಯ ಬೆಲೆ ತೆತ್ತಿದ್ದೇನೆ.

ಮೆಟ್ಟಿಲು ಸಮ, ಪರ್ವತ ಸಮವಲ್ಲ. ಅದಕ್ಕೆ ತಿಂಗಳಿಗೆ ಎರಡು ಭಾನುವಾರ ಪಾಂಡವಪುರದ ಕುಂತಿ ಬೆಟ್ಟದ ಬಂಡೆಗಳು.

ನಡುನಡುವೆ ಹುಚ್ಚಾಟಗಳೂ ನಡೆದವು. ಹಿಮದ ಹಳ್ಳ ದಾಟಲು ಅಭ್ಯಾಸವಾಗಲಿ ಎಂದು ಬಕೆಟ್ಟಿಗೆ ಐಸ್ ಸುರಿದು ಕಾಲಿಟ್ಟು ಕುಳಿತೆ. ಬಂದದ್ದು ನೆಗಡಿ ಮಾತ್ರ. ರಾಗಿ ಹುರಿಹಿಟ್ಟಿಗೆ ಬೆಲ್ಲದ ಪುಡಿ ಬೆರೆಸಿ ಪೊಟ್ಟಣ ಕಟ್ಟಿದ್ದು ಫಲಿಸಿತು. ಬಿಸಿನೀರು ಹಾಕಿ ಕಲಸಿದರೆ ಮುಗಿಯಿತು. ಅದಕ್ಕೆ ಇನ್ನೂ ಎರಡು ವಸ್ತು ಸೇರಿಸುತ್ತೇನೆ, ಅದು ನಮ್ಮಮ್ಮನ ಗುಟ್ಟು. ಎಲ್ಲಕ್ಕಿಂತ ಅಗ್ಗದ ಗೆಲುವೆಂದರೆ ಹೆಂಡತಿಯ ಹಳೆಯ ರೇಷ್ಮೆ ಸೀರೆ. ದರ್ಜಿಗೆ 150 ರೂಪಾಯಿ ಕೊಟ್ಟು ಸ್ಲೀಪಿಂಗ್ ಬ್ಯಾಗಿನ ಒಳಚೀಲ ಹೊಲಿಸಿದೆ. ಅಂಗಡಿಯಲ್ಲಿ ಇಂಥದ್ದಕ್ಕೇ ಎರಡು ಸಾವಿರದ ಮೇಲೆ ಹೇಳಿದ್ದರು. ಗುಡಾರದಲ್ಲಿ ಜರಿ ಅಂಚು ಕಂಡ ಹುಡುಗರು ನಕ್ಕರು. ಎರಡನೆಯ ರಾತ್ರಿ ಅವರೇ ಮುಟ್ಟಿ ನೋಡಿದರು.

ಹಣ ಹಾಳಾದದ್ದು ಶೂಗಳಲ್ಲಿ. ಸರಿಯಾದ ಅಳತೆ ಎಂದು ಕೊಂಡ ಮೊದಲ ಜೋಡಿಯೇ ಕುಮಾರ ಪರ್ವತದಲ್ಲಿ ಉಗುರು ತಿಂದದ್ದು, ಅದಕ್ಕೆ ನಾಲ್ಕು ಸಾವಿರ. ಎರಡನೆಯದನ್ನು ಸಂಜೆ ಕಾಲು ಉಬ್ಬಿರುವ ಹೊತ್ತಿಗೆ, ದಪ್ಪ ಉಣ್ಣೆಯ ಕಾಲುಚೀಲ ಹಾಕಿಕೊಂಡೇ ಹೋಗಿ, ಒಂದು ಅಳತೆ ದೊಡ್ಡದು ತಂದೆ. ಐದೂವರೆ ಸಾವಿರವಿರಬೇಕು. ಬ್ಯಾಗ್, ಜಾಕೆಟ್, ಊರುಗೋಲು ಎಲ್ಲ ಬಾಡಿಗೆಗೆ. ಮೊದಲ ಸಲಕ್ಕೆ ಅವನ್ನೆಲ್ಲ ಕೊಳ್ಳುವುದು ದಂಡ.

ಚಾರಣ ಶುರುವಾಗುವ ಜೋಬ್ರಾದಲ್ಲಿ ಸಂಸ್ಥೆಯವರು ಹೇಸರಗತ್ತೆಯ ಮೇಲೆ ಬ್ಯಾಗ್ ಕಳಿಸಲು ಎರಡು ಸಾವಿರದಷ್ಟು ಕೇಳಿದರು. ನಮ್ಮ ತಂಡದ ಹದಿನಾಲ್ಕು ಜನರಲ್ಲಿ ಒಂಬತ್ತು ಮಂದಿ ಕೊಟ್ಟರು. ನಾನು ಹೊತ್ತೆ. ಗೈಡ್ ನನ್ನ ತಲೆಗೂದಲು ನೋಡಿ ಎರಡು ಸಲ ಕೇಳಿದ.

ಒಂದು ವಿಷಯದಲ್ಲಿ ಬೆಟ್ಟದ ಅಭ್ಯಾಸ ಕೈಕೊಟ್ಟಿತು. ಪಾಸ್‌ಗೆ ಮೊದಲಿನ ಶಿಬಿರ, ಸುಮಾರು 3,600 ಮೀಟರಿನ ಬಾಲು ಕಾ ಘೇರಾದಲ್ಲಿ ಸಂಜೆ ತಲೆ ಸಿಡಿಯಿತು, ಊಟ ಸೇರಲಿಲ್ಲ. ಚಾಮುಂಡಿ ಬೆಟ್ಟ ಸಾವಿರ ಮೀಟರಿಗೆ ತುಸು ಮೇಲೆ, ಅಷ್ಟೇ. ತೆಳುಗಾಳಿಯನ್ನು ಅದು ಹೇಗೆ ಕಲಿಸೀತು? ಗೈಡ್‌ಗೆ ಮುಚ್ಚಿಡದೆ ಹೇಳಿದೆ. ಅವನು ಆಕ್ಸಿಮೀಟರ್ ಹಾಕಿ ನೋಡಿ, ನೀರು ಕುಡಿಸಿ, ಕಡಿಮೆಯಾಗದಿದ್ದರೆ ಬೆಳಿಗ್ಗೆ ಮೇಲೆ ಬಿಡುವುದಿಲ್ಲ ಎಂದ. ಪುಣ್ಯಕ್ಕೆ ಬೆಳಗಿನ ಹೊತ್ತಿಗೆ ಇಳಿದಿತ್ತು.

ಪಾಸ್ ಸುಮಾರು 4,270 ಮೀಟರ್. ಹತ್ತುವಾಗ ನಾನು ಹಿಂದಿನಿಂದ ಮೂರನೆಯವನು, ಮುಚ್ಚಿಡುವುದೇನಿಲ್ಲ. ಆಚೆ ಶಿಯಾಗೋರು ಶಿಬಿರಕ್ಕೆ ಇಳಿಯುವ ದಾರಿ ಗೋಡೆಯಂತೆ ಕಡಿದು, ಸಡಿಲ ಕಲ್ಲು, ಅಲ್ಲಲ್ಲಿ ಹಿಮ. ಹಾಫ್ ಮ್ಯಾರಥಾನ್ ಓಡುವ ಹುಡುಗನೊಬ್ಬ, ಬೆನ್ನಿಗೆ ಬರೀ ನೀರಿನ ಬಾಟಲಿ, ಅರ್ಧ ದಾರಿಯಲ್ಲಿ ಕುಳಿತು ತೊಡೆ ತಿಕ್ಕಿಕೊಳ್ಳುತ್ತಿದ್ದ. "ಅಂಕಲ್, ನಿಮ್ಮ ಕಾಲು ನಡುಗುತ್ತಿಲ್ಲವೇ?" ಎಂದ. ಶಿಬಿರಕ್ಕೆ ನಾನು ನಾಲ್ಕನೆಯವನಾಗಿ ತಲುಪಿದೆ. ಐದನೆಯವನೂ ಇರಬಹುದು, ಒಬ್ಬ ಆಗಲೇ ಗುಡಾರದೊಳಗಿದ್ದನೋ ಏನೋ.

ರೈಲು, ದೆಹಲಿಯಿಂದ ರಾತ್ರಿ ಬಸ್, ಚಾರಣದ ಶುಲ್ಕ, ಎರಡು ಜೋಡಿ ಶೂ, ಬಾಡಿಗೆ ಎಲ್ಲ ಸೇರಿ ಮೂವತ್ತೆರಡು ಸಾವಿರದ ಆಸುಪಾಸು ಆಯಿತು. ಎಕ್ಸ್‌ರೇಯನ್ನೂ ಮುಗ್ಗಲು ಹಿಡಿದ ಅಕ್ಕಿಯನ್ನೂ ನಾನು ಲೆಕ್ಕಕ್ಕೆ ಹಿಡಿದಿಲ್ಲ. ಹೆಂಡತಿ ಹಿಡಿದಿದ್ದಾಳೆ, ಸೀರೆಯ ಸಮೇತ.