ಮೊಬೈಲಿನಲ್ಲೇ ಒಳ್ಳೆಯ ಸಂಗೀತ ಕೇಳುವ ಬಗೆ

ಶಿರಸಿಯಿಂದ ದೇವಿಮನೆ ಘಟ್ಟವಿಳಿದು ಕುಮಟೆಗೆ ಹೋಗುವ ದಾರಿಯಲ್ಲಿ ನೆಟ್‌ವರ್ಕ್ ನೆಚ್ಚಿಕೊಳ್ಳುವಂತಿಲ್ಲವಾದ್ದರಿಂದ ಹಾಡುಗಳನ್ನು ಮೊದಲೇ ಫೋನಿಗೆ ತುಂಬಿಕೊಳ್ಳಬೇಕು. ನಿಮ್ಮಲ್ಲಿರುವ ಸಿಡಿಗಳನ್ನು ಕಂಪ್ಯೂಟರಿನಲ್ಲಿ ಫ್ಲ್ಯಾಕ್ ಎಂಬ ಕಡತರೂಪಕ್ಕೆ ಇಳಿಸಿಕೊಂಡರೆ ಸಿಡಿಯ ಮೂಲ ಧ್ವನಿ (16 ಬಿಟ್, 44.1 ಕಿಲೋಹರ್ಟ್ಸ್) ಕಿಂಚಿತ್ತೂ ನಷ್ಟವಾಗದೆ ಉಳಿಯುತ್ತದೆ. ಜಾಗ ಸಾಲದಿದ್ದರೆ 320 ಕೆಬಿಪಿಎಸ್‌ನ (ಸೆಕೆಂಡಿಗೆ ಅಷ್ಟು ಕಿಲೋಬಿಟ್ ಮಾಹಿತಿಯಿರುವ) ಎಂಪಿ3 ಸಾಕು. ಆದರೆ ಹಳೆಯ 128 ಕೆಬಿಪಿಎಸ್ ಕಡತವನ್ನು ಫ್ಲ್ಯಾಕ್‌ಗೆ ಬದಲಾಯಿಸಿದ ಮಾತ್ರಕ್ಕೆ ಕಳೆದುಹೋದ ಧ್ವನಿ ಮರಳಿ ಬರುವುದಿಲ್ಲ.

ಹೆಡ್‌ಫೋನ್ ಜಾಕ್ ಇಲ್ಲದ ಫೋನಿಗೆ ಯುಎಸ್‌ಬಿ-ಸಿ ಡ್ಯಾಕ್ (ಡಿಜಿಟಲ್ ಸಂಕೇತವನ್ನು ಇಯರ್‌ಫೋನಿಗೆ ಬೇಕಾದ ಧ್ವನಿಸಂಕೇತವಾಗಿಸುವ ಪುಟ್ಟ ಸಾಧನ) ಜೋಡಿಸಿ, ತಂತಿಯಿರುವ ಇಯರ್‌ಫೋನ್ ಬಳಸಿರಿ. ಹಣ ಹಾಕುವುದಾದರೆ ಮೊದಲು ಇಯರ್‌ಫೋನಿಗೇ ಹಾಕಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಯಕ್ಷಗಾನದ ಧ್ವನಿಮುದ್ರಣದಲ್ಲಿ ಚಂಡೆಯ ಪೆಟ್ಟು, ಮದ್ದಳೆಯ ನಾದ, ಭಾಗವತರ ಕಂಠ ಬೇರೆಬೇರೆಯಾಗಿ ಕೇಳಿಸುವುದು ಬಹುಮಟ್ಟಿಗೆ ಅದರಿಂದಲೇ. ಅದರ ರಬ್ಬರ್ ತುದಿ ಕಿವಿಗೆ ಸರಿಯಾಗಿ ಕೂರಲಿ, ಸಡಿಲವಾದರೆ ಮದ್ದಳೆಯ ಮಂದ್ರನಾದವೇ ಸೋರಿಹೋಗುತ್ತದೆ. ಮಂದ್ರ-ತಾರ ಧ್ವನಿಗಳನ್ನು ಏರಿಳಿಸುವ ಈಕ್ವಲೈಸರ್‌ನಲ್ಲಿ ಬಾಸ್ (ಮಂದ್ರಧ್ವನಿ) ಏರಿಸುತ್ತ ಹೋದರೆ ಧ್ವನಿ ಒಡೆಯುವ ಸಂಭವವಿರುವುದರಿಂದ, ಅದರಲ್ಲಿ ಹೆಚ್ಚೆನಿಸಿದ ಧ್ವನಿಯ ಪಟ್ಟಿಗಳನ್ನು ತುಸು ಇಳಿಸುವುದು ಮೇಲು. ಬ್ಲೂಟೂತ್ ಬಳಸುವವರು ಫೋನು, ಇಯರ್‌ಫೋನು ಎರಡರಲ್ಲೂ ಎಲ್‌ಡಿಎಸಿ (ಬ್ಲೂಟೂತ್‌ನಲ್ಲಿ ಹೆಚ್ಚು ಗುಣಮಟ್ಟದ ಧ್ವನಿ ಕಳಿಸುವ ವಿಧಾನ) ಇದ್ದರೆ ಅದನ್ನೇ ಆರಿಸಿಕೊಳ್ಳಿರಿ.

ಕಾರವಾರದಂಥ ಕಡಲಬದಿಯ ಊರುಗಳಲ್ಲಿ ಉಪ್ಪುಗಾಳಿಗೆ ಲೋಹದ ಪಿನ್ನುಗಳು ಬೇಗ ಕಿಲುಬು ಹಿಡಿಯುತ್ತವೆ. ಬಳಸಿದ ಮೇಲೆ ಒಣಬಟ್ಟೆಯಿಂದ ಒರೆಸಿ, ಸಿಲಿಕಾ ಜೆಲ್ ಪೊಟ್ಟಣದೊಡನೆ ಮುಚ್ಚಿದ ಡಬ್ಬಿಯಲ್ಲಿಡಿ.