ಏಳು ಕಿಲೋದ ಲೆಕ್ಕ: ಪರದೇಶದೊಳಗೆ ಅಗ್ಗದ ವಿಮಾನ ಹತ್ತುವ ಮುನ್ನ

ಬ್ಯಾಂಕಾಕಿನ ಡಾನ್ ಮುವಾಂಗ್ ನಿಲ್ದಾಣದ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಬ್ಯಾಗು ಬಿಚ್ಚಿದ್ದು ನನಗಿನ್ನೂ ನೆನಪಿದೆ. ಗೇಟಿನ ಹತ್ತಿರ ನಿಂತಿದ್ದ ಹುಡುಗಿ ನಗುನಗುತ್ತಲೇ ತಕ್ಕಡಿ ತೋರಿಸಿದಳು: 9.6 ಕಿಲೋ. ಬಿಡುವುದು ಏಳು. ಬಟ್ಟೆಯ ಕೆಳಗಿಂದ ಮೊದಲು ಹೊರಬಂದದ್ದು ಅರ್ಧ ಕಿಲೋ ಶೇಂಗಾ ಚಟ್ನಿ, ಆಮೇಲೆ ಗುರೆಳ್ಳು ಚಟ್ನಿ, ಆಮೇಲೆ ಖಡಕ್ ರೊಟ್ಟಿಯ ಕಟ್ಟು. ಹಿಂದೆ ನಿಂತಿದ್ದ ಹೆಂಡತಿ "ನಾ ಹೇಳಿದ್ನಿಲ್ರಿ?" ಅಂದಳು. ಹೇಳಿರಲಿಲ್ಲ, ಕಟ್ಟಿಕೊಟ್ಟವಳೇ ಅವಳು. ಕಡೆಗೆ ರೊಕ್ಕ ಕಟ್ಟಿ ಹತ್ತಿದೆವು. ದುಬಾರಿ ಕಂಪನಿ ಬಿಟ್ಟು ಅಗ್ಗದ್ದು ಹಿಡಿದು ಉಳಿಸಿದ್ದೇನಿತ್ತೋ ಅಷ್ಟೂ ಹೋಗಿ, ಮೇಲೊಂದಿಷ್ಟು ಕೈಯಿಂದ ಬಿತ್ತು.

ಹುಬ್ಬಳ್ಳಿ ಮಂದಿಗೆ ಅಗ್ಗದ ವಿಮಾನ ಹೊಸದಲ್ಲ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಶುರು ಮಾಡಿದ ಏರ್ ಡೆಕ್ಕನ್ ಗೋಕುಲ ರಸ್ತೆಯ ನಮ್ಮ ನಿಲ್ದಾಣಕ್ಕೂ ಬಂದಿಳಿದಿತ್ತು. ಈಗ ಇಂಡಿಗೊ ಹತ್ತಿ ಹತ್ತಿ ನಮಗೊಂದು ರೂಢಿ ಬಿದ್ದಿದೆ: ಕೈಯಲ್ಲಿ ಏಳು ಕಿಲೋ, ಕೆಳಗೆ ಹಾಕಲು ಹದಿನೈದು ಕಿಲೋ, ಎರಡೂ ಸಾಮಾನ್ಯ ಟಿಕೆಟ್ಟಿನಲ್ಲೇ ಬರುತ್ತವೆ ಎಂದು. ಪೆಟ್ಟು ಬೀಳುವುದು ಇಲ್ಲೇ. ಥಾಯ್ಲೆಂಡ್, ಜಪಾನ್, ಆಸ್ಟ್ರೇಲಿಯಾದ ಅಗ್ಗದ ಕಂಪನಿಗಳು ಮಾರುವ ಬರಿ ಟಿಕೆಟ್ಟಿನಲ್ಲಿ ಆ ಹದಿನೈದು ಕಿಲೋ ಇರುವುದೇ ಇಲ್ಲ. ನಾವು ಅಗ್ಗ ಅನ್ನುವುದಕ್ಕೂ ಅವರು ಅಗ್ಗ ಅನ್ನುವುದಕ್ಕೂ ಒಂದು ಸೂಟ್‌ಕೇಸಿನ ಅಂತರವಿದೆ. ಹಾಗಾಗಿ ಟಿಕೆಟ್ ಒತ್ತುವ ಮುನ್ನ ಏನೇನು ನೋಡಬೇಕು, ಒಂದೊಂದಾಗಿ ಹೇಳುತ್ತೇನೆ.

ಮೊದಲ ಹೆಜ್ಜೆ: ನಿಲ್ದಾಣದ ಮೂರಕ್ಷರ

ನಮ್ಮೂರಿಗೆ ಇರುವುದೊಂದೇ ನಿಲ್ದಾಣ, ಟಿಕೆಟ್ಟಿನ ಮೇಲೆ ಅದರ ಮೂರಕ್ಷರದ ಗುರುತು ಎಚ್‌ಬಿಎಕ್ಸ್. ತಪ್ಪುವ ಮಾತೇ ಇಲ್ಲ. ದೊಡ್ಡ ಊರುಗಳಲ್ಲಿ ಎರಡೆರಡು ಇರುತ್ತವೆ. ಬ್ಯಾಂಕಾಕಿನಲ್ಲಿ ಬಿಕೆಕೆ ಅಂದರೆ 2006ರಲ್ಲಿ ತೆರೆದ ಸುವರ್ಣಭೂಮಿ, ಡಿಎಂಕೆ ಅಂದರೆ ಹಳೆಯ ಡಾನ್ ಮುವಾಂಗ್. ಬೆಂಗಳೂರಿನಿಂದ ಥಾಯ್ ಏರ್‌ವೇಸ್‌ನಲ್ಲಿ ಹೋದವರು ಸುವರ್ಣಭೂಮಿಯಲ್ಲಿ ಇಳಿಯುತ್ತಾರೆ. ಆದರೆ ಫುಕೆಟ್, ಕ್ರಾಬಿ, ಚಿಯಾಂಗ್ ಮಾಯ್ ಕಡೆ ಹೋಗುವ ಥಾಯ್ ಏರ್‌ಏಷ್ಯಾ, ನೋಕ್ ಏರ್, ಥಾಯ್ ಲಯನ್ ಏರ್ ವಿಮಾನಗಳು ಹೆಚ್ಚಾಗಿ ಡಾನ್ ಮುವಾಂಗ್‌ನಿಂದ ಹಾರುತ್ತವೆ. ಮುಂದಿನ ಟಿಕೆಟ್ ತೋರಿಸಿದರೆ ಎರಡರ ನಡುವೆ ಪುಕ್ಕಟೆ ಬಸ್ಸಿದೆ, ಖರೆ. ಬ್ಯಾಂಕಾಕಿನ ಸಂಜೆಯ ಟ್ರಾಫಿಕ್ಕಿನಲ್ಲಿ ಆ ಬಸ್ಸು ಯಾವಾಗ ಮುಟ್ಟೀತು ಎಂದು ಮಾತ್ರ ಯಾರೂ ಬರೆದುಕೊಡುವುದಿಲ್ಲ. ಥಾಯ್ ಏರ್‌ವೇಸ್, ಬ್ಯಾಂಕಾಕ್ ಏರ್‌ವೇಸ್ ಆದರೆ ಸುವರ್ಣಭೂಮಿಯಿಂದಲೇ ಮುಂದೆ ಹೋಗಬಹುದು.

ಟೋಕಿಯೋದ ಕಥೆಯೂ ಇಂಥದ್ದೇ. ಹನೇಡಾ ನಿಲ್ದಾಣ ನಗರದ ನಡುವಿನಿಂದ ಹುಬ್ಬಳ್ಳಿಗೆ ಧಾರವಾಡ ಇದ್ದಷ್ಟೂ ದೂರವಿಲ್ಲ. ನರಿಟಾ ಮಾತ್ರ ಹುಬ್ಬಳ್ಳಿಗೆ ಗದಗ ಇದ್ದ ಹಾಗೆ, ಸುಮಾರು 60 ಕಿಲೋಮೀಟರ್. ಎಎನ್‌ಎ, ಜಪಾನ್ ಏರ್‌ಲೈನ್ಸ್‌ನಂಥ ದೊಡ್ಡ ಕಂಪನಿಗಳ ಒಳನಾಡಿನ ವಿಮಾನಗಳು ಬಹುಪಾಲು ಹನೇಡಾದಿಂದ. ಪೀಚ್, ಜೆಟ್‌ಸ್ಟಾರ್ ಜಪಾನ್‌ನಂಥ ಅಗ್ಗದವು ನರಿಟಾದಿಂದ. ಬೆಳಿಗ್ಗೆ ಏಳರ ಅಗ್ಗದ ವಿಮಾನ ಹಿಡಿದಿರೋ, ನಸುಕಿನಲ್ಲಿ ಎದ್ದು ಗದಗಿಗೆ ಹೋಗಿ ವಿಮಾನ ಹತ್ತಿದ ಹಾಗೆ.

ಎರಡನೆಯದು: ಹಾಳೆ, ಪೆನ್ನು

ಮೊಬೈಲ್ ಬದಿಗಿಟ್ಟು ಒಂದು ಹಾಳೆಯ ಮೇಲೆ ಗೀಟು ಹಾಕಿ ಎರಡು ಕಾಲಂ ಮಾಡಿ. ಲೆಕ್ಕಕ್ಕೆಂದು ಅಂಕಿ ಇಟ್ಟುಕೊಳ್ಳೋಣ, ಇದು ಯಾವ ಕಂಪನಿಯ ದರವೂ ಅಲ್ಲ. ಅಗ್ಗದ ಟಿಕೆಟ್ 3,000 ರೂಪಾಯಿ. 20 ಕಿಲೋ ಬ್ಯಾಗಿಗೆ 1,500. ಜೋಡಿ ಕೂಡಲು ಸೀಟು ಆರಿಸಿದರೆ 300. ಕಾರ್ಡಿನ ಶುಲ್ಕ 200, ಒಳಗೆ ನೀರು ತಿಂಡಿ 350, ದೂರದ ನಿಲ್ದಾಣಕ್ಕೆ ಹೆಚ್ಚುವರಿ ದಾರಿಖರ್ಚು 600. ಕೂಡಿಸಿದರೆ 5,950. ಪಕ್ಕದ ಕಾಲಂನಲ್ಲಿ ಬ್ಯಾಗು, ಸೀಟು, ಚಹಾ ಎಲ್ಲ ಸೇರಿ 5,600ರ ಟಿಕೆಟ್ ಇದ್ದರೆ ದುಬಾರಿ ಯಾವುದು? ಅದೇ ಬೆನ್ನಿಗೊಂದು ಚೀಲ ಹಾಕಿಕೊಂಡು ಹೊರಟ ಇಂಜಿನಿಯರಿಂಗ್ ಹುಡುಗನಿಗೆ ಟಿಕೆಟ್, ಕಾರ್ಡಿನ ಶುಲ್ಕ, ದಾರಿಖರ್ಚು ಸೇರಿ 3,800ರಲ್ಲಿ ಕೆಲಸ ಮುಗಿಯುತ್ತದೆ. ಅವನು ಅಗ್ಗದ್ದನ್ನೇ ಹಿಡಿಯಲಿ, ಸಾವಿರದ ಎಂಟುನೂರು ಸುಮ್ಮನೆ ಯಾಕೆ ಬಿಡಬೇಕು?

ಜಪಾನಿಗೆ ಹೋಗುವವರು ಇನ್ನೊಂದನ್ನು ನೋಡಬೇಕು. ಅಲ್ಲಿನ ಎರಡೂ ದೊಡ್ಡ ಕಂಪನಿಗಳು ಹೊರದೇಶದಿಂದ ಬರುವವರಿಗೆಂದೇ ಬೇರೆ ದರ ಇಟ್ಟಿವೆ, ಟಿಕೆಟ್ಟಿನಲ್ಲಿ ಕೆಳಗೆ ಹಾಕುವ ಬ್ಯಾಗೂ ಸೇರಿರುತ್ತದೆ. ಹುಡುಕುವ ಆ್ಯಪ್‌ಗಳಲ್ಲಿ ಈ ದರ ಕಾಣದೆಯೂ ಹೋಗಬಹುದು, ಕಂಪನಿಯ ಸ್ವಂತ ತಾಣಕ್ಕೆ ಹೋಗಿ ನೋಡಿ.

ಮೂರನೆಯದು: ಬ್ಯಾಗು

ಜಗಳವೆಲ್ಲ ಇಲ್ಲೇ ಇರುವುದರಿಂದ ಸ್ವಲ್ಪ ಹೆಚ್ಚೇ ಬರೆಯುತ್ತೇನೆ. ಏರ್‌ಏಷ್ಯಾ, ಜೆಟ್‌ಸ್ಟಾರ್, ಪೀಚ್ ಇವೆಲ್ಲ ಕೊಡುವ ಏಳು ಕಿಲೋದಲ್ಲಿ ಟ್ರಾಲಿ ಬ್ಯಾಗಿನ ಜೊತೆ ಹೆಗಲ ಚೀಲವನ್ನೂ ಸೇರಿಸಿಯೇ ತೂಗುತ್ತಾರೆ. ವ್ಯಾನಿಟಿ ಬ್ಯಾಗು ಲೆಕ್ಕಕ್ಕಿಲ್ಲ ಎಂಬ ನಮ್ಮ ನಂಬಿಕೆ ಅಲ್ಲಿ ನಡೆಯುವುದಿಲ್ಲ. ಗಟ್ಟಿ ಪ್ಲಾಸ್ಟಿಕ್ಕಿನ ಟ್ರಾಲಿ ಖಾಲಿ ಇದ್ದಾಗಲೇ ಎರಡೂವರೆ ಮೂರು ಕಿಲೋ ತೂಗುತ್ತದೆ. ನಿಮಗೆ ಉಳಿಯುವುದು ನಾಲ್ಕು. ಬಟ್ಟೆಯ ಚೀಲವೇ ವಾಸಿ.

ಕೆಳಗೆ ಹಾಕುವ ಬ್ಯಾಗು ಬೇಕೇಬೇಕು ಎಂದಾದರೆ ಟಿಕೆಟ್ಟಿನ ಜೊತೆಗೇ ಕೊಳ್ಳಿ. ಆಮೇಲೆ ಸೇರಿಸಿದರೆ ದರ ಏರುತ್ತದೆ, ಕೌಂಟರಿನಲ್ಲಿ ಇನ್ನೂ ಏರುತ್ತದೆ, ಗೇಟಿನಲ್ಲಿ ಕೇಳಲೇಬೇಡಿ. ಗಂಡ ಹೆಂಡತಿ ಇಬ್ಬರಿಗೂ ಸೇರಿ 20 ಕಿಲೋದ ಒಂದೇ ಬ್ಯಾಗು ಸಾಕಾಗುತ್ತದೆ, ತಲೆಗೊಂದರಂತೆ ಕೊಳ್ಳಬೇಕಿಲ್ಲ.

ಎರಡನೇ ಸಲ ಹೊರಟಾಗ ನಾನು ಬ್ಯಾಗು ಎತ್ತಿಕೊಂಡು ವಿದ್ಯಾನಗರದ ನಮ್ಮ ಓಣಿಯ ಕಿರಾಣಿ ಅಂಗಡಿಗೆ ಹೋದೆ. ಅಂಗಡಿಯವರು ಸಕ್ಕರೆ ಚೀಲ ಸರಿಸಿ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಇಟ್ಟರು. 6.8. "ಇನ್ನ ಇನ್ನೂರು ಗ್ರಾಮ್ ಜಾಗಾ ಐತ್ರಿ ಸರ, ಒಂದ್ ಪಾಕೀಟ್ ಚಟ್ನಿ ಕೊಡ್ಲೇನ್ರಿ?" ಅಂದರು. ತಗೊಂಡೆ.

ಪವರ್ ಬ್ಯಾಂಕ್ ಯಾವತ್ತೂ ಕೈಚೀಲದಲ್ಲೇ ಇರಬೇಕು, ಕೆಳಗಿನ ಬ್ಯಾಗಿಗೆ ಹಾಕುವಂತಿಲ್ಲ. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ನಿಂತಿದ್ದ ವಿಮಾನವೊಂದು ಹೊತ್ತಿ ಉರಿದ ಮೇಲೆ ಏಷ್ಯಾದ ಕಂಪನಿಗಳು ಇದರಲ್ಲಿ ಬಿಗಿಯಾಗಿವೆ. ಥಾಯ್ ಏರ್‌ವೇಸ್ ಹಾರಾಟದಲ್ಲಿ ಅದನ್ನು ಬಳಸಲೂ ಬಿಡುವುದಿಲ್ಲ. ಚೀನಾದ ಒಳಗೆ ಹಾರುವವರಂತೂ ಜಾಗ್ರತೆ: 2025ರ ಜೂನ್ 28ರಿಂದ ಅಲ್ಲಿನ ಸುರಕ್ಷತೆಯ 3ಸಿ ಗುರುತು ಇಲ್ಲದ ಪವರ್ ಬ್ಯಾಂಕ್ ಒಳನಾಡಿನ ವಿಮಾನ ಹತ್ತುವಂತಿಲ್ಲ. ಇಲ್ಲಿ ಕೊಂಡದ್ದರ ಮೇಲೆ ಆ ಗುರುತು ಇದೆಯೇ ಎಂದು ತಿರುಗಿಸಿ ನೋಡಿ. ಆಸ್ಟ್ರೇಲಿಯಾದಲ್ಲಿ ಇನ್ನೊಂದು ತಮಾಷೆ. ದೇಶದೊಳಗೇ ಹಾರಿದರೂ ಪರ್ತ್‌ನಲ್ಲೋ ಹೋಬಾರ್ಟ್‌ನಲ್ಲೋ ಇಳಿದಾಗ ಕೈಯಲ್ಲಿ ಹಣ್ಣು ಇರಬಾರದು, ತೋಟಗಳಿಗೆ ಕೀಟ ಬರುತ್ತದೆಂದು ಅಲ್ಲೇ ಡಬ್ಬಕ್ಕೆ ಹಾಕಿಸುತ್ತಾರೆ.

ನಾಲ್ಕನೆಯದು: ಎರಡು ವಿಮಾನಗಳ ನಡುವಿನ ಸಂದು

ಇಂಡಿಯಾದಿಂದ ಹೋಗುವ ಟಿಕೆಟ್ ಒಂದು ಕಡೆ, ಅಲ್ಲಿಂದ ಮುಂದಿನ ಅಗ್ಗದ ಟಿಕೆಟ್ ಇನ್ನೊಂದು ಕಡೆ ತೆಗೆದಿರಿ ಎನ್ನಿ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಎರಡನೆಯ ಕಂಪನಿಗೆ ಅದರ ಸಂಬಂಧವಿಲ್ಲ. ನಿಮ್ಮ ರೊಕ್ಕ ಹೋಯಿತು, ಹೊಸ ಟಿಕೆಟ್ ಕೊಳ್ಳಬೇಕು. ಬೆಂಗಳೂರಿನಿಂದ ನರಿಟಾಕ್ಕೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನವಿದೆ; ಅದೇ ಟಿಕೆಟ್ಟಿನಲ್ಲಿ ಜಪಾನಿನೊಳಗಿನ ಸಪ್ಪೊರೊವರೆಗೂ ಬರೆಸಿದರೆ, ತಡವಾದಾಗ ಮುಂದಿನ ವಿಮಾನದಲ್ಲಿ ಕೂಡಿಸುವುದು ಅವರ ಜವಾಬ್ದಾರಿ. ಸಾಮಾನ್ಯವಾಗಿ ಪರದೇಶಕ್ಕೆ ಸಿಗುವ ಬ್ಯಾಗಿನ ತೂಕವೇ ಒಳಗಿನ ಹಾರಾಟಕ್ಕೂ ನಡೆಯುತ್ತದೆ. ಹೆಚ್ಚು ಕೊಟ್ಟದ್ದಕ್ಕೆ ನಿಜವಾದ ಪ್ರತಿಫಲ ಸಿಗುವುದು ಈ ಜಾಗದಲ್ಲಿ, ಊಟದ ತಟ್ಟೆಯಲ್ಲಿ ಅಲ್ಲ. ಜಪಾನ್, ಅಮೆರಿಕಗಳಲ್ಲಿ ಒಂದೇ ಟಿಕೆಟ್ ಇದ್ದರೂ ಮೊದಲು ಇಳಿದ ಊರಲ್ಲೇ ಬ್ಯಾಗು ತೆಗೆದುಕೊಂಡು ಕಸ್ಟಮ್ಸ್ ದಾಟಿಸಿ ಮತ್ತೆ ಒಪ್ಪಿಸಬೇಕು, ಅದನ್ನು ಮರೆತು ಬರಿಗೈಯಲ್ಲಿ ಹೋಗಬೇಡಿ.

ಬೇರೆ ಬೇರೆ ಟಿಕೆಟ್ಟೇ ಗತಿ ಎಂದಾದರೆ ನಡುವೆ ಒಂದು ರಾತ್ರಿ ಬಿಡಿ. ತಿರುಗಿ ಬರುವಾಗ ಇದು ಇನ್ನೂ ಮುಖ್ಯ. ಊರಿಗೆ ಬರುವ ವಿಮಾನದ ದಿನವೇ ದ್ವೀಪದಿಂದ ಹೊರಡುವ ಸಾಹಸ ಬೇಡ.

ಐದನೆಯದು: ಹೆಸರು, ಕಾರ್ಡು

ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಹೆಸರು ತುಂಬಿ. ನಮ್ಮ ಕಡೆ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ. ಯಾವುದು ಯಾವ ಖಾನೆಗೆ ಎಂದು ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡೇ ಹಾಕಿ. ಅಗ್ಗದ ಕಂಪನಿಗಳಲ್ಲಿ ತಿದ್ದುಪಡಿಗೂ ದುಡ್ಡು. ಒಳನಾಡಿನ ಹಾರಾಟವಾದರೂ, ನೇಪಾಳದಂಥ ಕಡೆ ಬಿಟ್ಟರೆ, ಅಲ್ಲಿ ನಿಮ್ಮ ಗುರುತು ಪಾಸ್‌ಪೋರ್ಟ್ ಒಂದೇ, ಆಧಾರ್ ಯಾರಿಗೂ ಬೇಡ. ಕಾರ್ಡಿನಲ್ಲಿ ಪರದೇಶದ ವ್ಯವಹಾರ ಶುರು ಮಾಡಿಸಿಕೊಂಡಿರಿ. ರೂಪಾಯಿಯಲ್ಲಿ ಕಟ್ಟುತ್ತೀರಾ ಎಂದು ಪರದೆ ಕೇಳಿದರೆ ಬೇಡ ಎನ್ನಿ, ಆ ಸೌಕರ್ಯದ ಹಿಂದೆ ಕೆಟ್ಟ ವಿನಿಮಯ ದರ ಇರುತ್ತದೆ. ವಿಮೆ, ಸೀಟು ಅಂತ ಮೊದಲೇ ಟಿಕ್ ಬಿದ್ದಿದ್ದರೆ ತೆಗೆಯಿರಿ.

ಯಾರು ಹೆಚ್ಚು ಕೊಡಬೇಕು?

ಅವ್ವ ಅಪ್ಪನನ್ನು ಕರೆದುಕೊಂಡು ಹೊರಟವರು, ವೀಲ್‌ಚೇರ್ ಬೇಕಾದವರು, ಸಣ್ಣ ಕೂಸು ಇರುವವರು. ಬ್ಯಾಂಕಾಕ್ ಏರ್‌ವೇಸ್ ಸುವರ್ಣಭೂಮಿಯಲ್ಲಿ ಎಕಾನಮಿಯವರಿಗೂ ಲಾಂಜ್ ಬಿಡುತ್ತದೆ. ವಯಸ್ಸಾದವರು ಕೂತು ಏನಾದರೂ ಬಾಯಿಗೆ ಹಾಕಿಕೊಳ್ಳಬಹುದು. ಇಷ್ಟಕ್ಕೇ ಮನಸೋತು ಒಂದು ಗಂಟೆಯ ದಾರಿಗೆ ಬಿಸಿನೆಸ್ ಕ್ಲಾಸ್ ಕೊಳ್ಳುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಬಂದಷ್ಟು ಹೊತ್ತು, ಸೀಟು ಒರಗಿಸುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ.

ಊಟ ಕೊಡುವ ಕಂಪನಿಯಾದರೆ ಶಾಖಾಹಾರಿಗಳಿಗೆ ಒಂದು ಮಾತು. ಪಟ್ಟಿಯಲ್ಲಿ "ಹಿಂದೂ ಮೀಲ್" ಅಂತ ಕಂಡೊಡನೆ ಒತ್ತಬೇಡಿ. ಅದರಲ್ಲಿ ದನದ ಮಾಂಸ ಇರುವುದಿಲ್ಲ ಅಷ್ಟೇ. ಕೋಳಿ, ಕುರಿ, ಮೀನು ಬರಬಹುದು. ನಿಮಗೆ ಬೇಕಾದದ್ದು "ಏಷ್ಯನ್ ವೆಜಿಟೇರಿಯನ್", ಸಂಕೇತ ಎವಿಎಂಎಲ್. ಜೈನರಿಗೆ ವಿಜೆಎಂಎಲ್. ಹಾರಾಟಕ್ಕೆ ಕನಿಷ್ಠ ಒಂದೆರಡು ದಿನ ಮೊದಲೇ ಹೇಳಿರಬೇಕು. ಜಪಾನಿನ ಒಳನಾಡಿನ ಎಕಾನಮಿಯಲ್ಲಂತೂ ದೊಡ್ಡ ಕಂಪನಿಯೂ ಕೊಡುವುದು ಕುಡಿಯಲು ಮಾತ್ರ. ಅಲ್ಲಿ ರೊಟ್ಟಿ ಚಟ್ನಿಯೇ ಗತಿ.

ಮುಕ್ತಿನಾಥಕ್ಕೆ ಹೋಗುವವರ ಲೆಕ್ಕವೇ ಬೇರೆ. ನೇಪಾಳದ ಒಳಗಿನ ವಿಮಾನಗಳಲ್ಲಿ ಅಲ್ಲಿನವರಿಗೊಂದು ದರ, ಭಾರತೀಯರಿಗೊಂದು, ಉಳಿದ ವಿದೇಶಿಯರಿಗೆ ಡಾಲರಿನಲ್ಲಿ ಮತ್ತೊಂದು. ಎಲ್ಲೋ ಡಾಲರ್ ದರ ನೋಡಿ ಹೆದರಬೇಡಿ. ಆದರೆ ಯುರೋಪಿಯನ್ ಒಕ್ಕೂಟ ಸುರಕ್ಷತೆಯ ಕಾರಣಕ್ಕೆ 2013ರಲ್ಲಿ ನೇಪಾಳದ ಎಲ್ಲ ಕಂಪನಿಗಳನ್ನೂ ತನ್ನ ಆಕಾಶದಿಂದ ಹೊರಗಿಟ್ಟಿತು ಎಂಬುದೂ ಗೊತ್ತಿರಲಿ. ಅಲ್ಲಿ ಅಗ್ಗ ದುಬಾರಿಗಿಂತ ಹವಾಮಾನ ದೊಡ್ಡದು. ಪೊಖರಾದಿಂದ ಮುಕ್ತಿನಾಥದ ಹತ್ತಿರದ ಜೊಮ್‌ಸೊಮ್‌ಗೆ ಹೋಗುವ ಸಣ್ಣ ವಿಮಾನಗಳು ಬೆಳಗಿನ ಹೊತ್ತಷ್ಟೇ ಹಾರುತ್ತವೆ, ಬಿಸಿಲು ಏರಿದ ಮೇಲೆ ಕಣಿವೆಯಲ್ಲಿ ಗಾಳಿ ಜೋರಾಗುತ್ತದೆ. ರದ್ದಾದರೆ ನಾಳೆ, ನಾಳೆಯೂ ಆಗದಿದ್ದರೆ ಜೀಪು. ಕೈಯಲ್ಲಿ ಎರಡು ದಿನ ಹೆಚ್ಚಿಗೆ ಇಟ್ಟುಕೊಂಡು ಹೋಗಿ. ಪಾಸ್‌ಪೋರ್ಟ್ ಇಲ್ಲದವರು ಚುನಾವಣಾ ಗುರುತಿನ ಚೀಟಿ ಮರೆಯಬೇಡಿ.